ಕೆಂಪಾಜಮ್ಮ ಕನ್ವೆನ್ಷನ್ ಹಾಲ್‌ನ ಕೆಂಪು ಪೆಟ್ಟಿಗೆ

ನಂಜನಗೂಡಿನಲ್ಲಿ ಮದುವೆ ನಡೆಯುವ ಜಾಗಕ್ಕೆ ಹಿರಿಯರು ಛತ್ರ ಎನ್ನುತ್ತಾರೆ. ಕೈಯಲ್ಲಿ ಸ್ವಲ್ಪ ಕಾಸು ಓಡಾಡುವವರು ಕಲ್ಯಾಣ ಮಂಟಪ ಎನ್ನುತ್ತಾರೆ. ಗಂಗಾಧರಸ್ವಾಮಿ ಎರಡನ್ನೂ ಒಪ್ಪದೆ, ಕೈಗಾರಿಕಾ ಪ್ರದೇಶದ ಕಡೆಗೆ ಹೋಗುವ ರಸ್ತೆಯಲ್ಲಿ ತಾನು ಕಟ್ಟಿಸಿದ ಕಟ್ಟಡಕ್ಕೆ ತೀರಿಕೊಂಡ ತಾಯಿಯ ಹೆಸರಿಟ್ಟು ‘ಶ್ರೀಮತಿ ಕೆಂಪಾಜಮ್ಮ ಕನ್ವೆನ್ಷನ್ ಹಾಲ್’ ಎಂದು ಬೋರ್ಡು ಬರೆಸಿದ. ಕೆಂಪಾಜಮ್ಮನವರು ಬದುಕಿದ್ದಾಗ ಕನ್ವೆನ್ಷನ್ ಎಂಬ ಪದ ಕೇಳಿದವರಲ್ಲ. ಕೇಳಿದ್ದರೆ ಅದು ಯಾವುದೋ ಹೊಟ್ಟೆನೋವಿನ ಹೆಸರೆಂದುಕೊಂಡು ಓಮಿನ ಕಷಾಯ ಕಾಯಿಸುತ್ತಿದ್ದರು.

ಆ ಹಾಲ್‌ಗೆ ನೇರ ಎದುರಿಗೇ ನನ್ನ ಅಂಗಡಿ. ಲಗ್ನಪತ್ರಿಕೆ ಅಚ್ಚು ಹಾಕುವುದು ನನ್ನ ಕಸುಬು. ಹಾಗಾಗಿ ಮದುವೆಗಳ ಬಗ್ಗೆ ನನಗೆ ಹೊಟ್ಟೆಪಾಡಿನ ಪ್ರೀತಿ ಉಂಟು, ಗೌರವ ಅಷ್ಟಕ್ಕಷ್ಟೆ. ‘ನಮಗೇನೂ ಬೇಡ, ಹುಡುಗಿ ಒಬ್ಬಳನ್ನು ಕೊಟ್ಟರೆ ಸಾಕು’ ಎಂದ ದೊಡ್ಡ ಮನುಷ್ಯರ ಹೆಸರುಗಳನ್ನು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿ ಹಾಕಿ ನನ್ನ ಕಣ್ಣು ಮಂಜಾಗಿದೆ.

ಗಂಗಾಧರಸ್ವಾಮಿ ಕೆಟ್ಟವನಲ್ಲ. ಜಮೀನು ಕಾರ್ಖಾನೆಗೆ ಹೋಗಿ ಪರಿಹಾರ ಬಂದ ಮೇಲೆ ಏನು ಮಾಡಬೇಕೆಂದು ತೋಚದೆ ಕಟ್ಟಡ ಕಟ್ಟಿಸಿದ, ಅಷ್ಟೆ. ಅವನಿಗಿದ್ದದ್ದು ಒಂದೇ ಆಸೆ. ಹಾಲ್‌ನಲ್ಲಿ ಓಲಗ ಊದುವ ಮೊದಲನೇ ಮದುವೆ ತನ್ನ ಒಬ್ಬಳೇ ಮಗಳು ಆಶಾರಾಣಿಯದಾಗಬೇಕು. ಆಶಾರಾಣಿ ಅದೇ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಗಂಡು ತಿ. ನರಸೀಪುರದವನು, ಕಿರಣ್ ಎಂದು ಹೆಸರು, ಸರ್ಕಾರಿ ಇಂಜಿನಿಯರು. ಅವನ ತಂದೆ ಮಲ್ಲಯ್ಯನವರು ರೆವಿನ್ಯೂ ಇಲಾಖೆಯಲ್ಲಿದ್ದು ನಿವೃತ್ತರಾದವರು. ನಿಶ್ಚಿತಾರ್ಥದ ದಿನ ಅವರು ಎಲ್ಲರ ಮುಂದೆ ಎದೆಯ ಮೇಲೆ ಕೈಯಿಟ್ಟುಕೊಂಡು ತಮಗೇನೂ ಬೇಡ ಎಂದಿದ್ದರು. ಪತ್ರಿಕೆ ಅಚ್ಚು ಹಾಕಿದವನು ನಾನೇ.

ಮದುವೆಗೆ ಮೊದಲು ಕಟ್ಟಡಕ್ಕೆ ಅಗ್ನಿಶಾಮಕದವರ ಒಪ್ಪಿಗೆ ಬೇಕಿತ್ತು. ಅಧಿಕಾರಿ ಪ್ರೇಮ್‌ಕುಮಾರ್ ತಪಾಸಣೆಗೆ ಬಂದರು, ಜೊತೆಗೆ ಸಿದ್ಧಾರ್ಥ ಎಂಬ ಫೈರ್‌ಮನ್. ಹಾಲ್‌ನ ಊಟದ ಮನೆ, ಅಡುಗೆ ಮನೆ, ಉಗ್ರಾಣ ಎಲ್ಲವೂ ನೆಲದ ಕೆಳಗಿವೆ. ಸಿದ್ಧಾರ್ಥ ವಾಕಿಟಾಕಿ ಹಿಡಿದು ಕೆಳಗಿಳಿದು ಹೋದ. ಮೇಲೆ ನಿಂತ ಪ್ರೇಮ್‌ಕುಮಾರ್ ಅವನ ಹೆಸರು ಹಿಡಿದು ಎಷ್ಟು ಕೂಗಿದರೂ ಅವರ ಕೈಯಲ್ಲಿದ್ದ ವಾಕಿಟಾಕಿ ಕರಕರ ಎಂದಿತೇ ಹೊರತು ಉತ್ತರ ಕೊಡಲಿಲ್ಲ. ಗಂಗಾಧರಸ್ವಾಮಿಗೆ ಮಾತ್ರ ಹಿಗ್ಗೋ ಹಿಗ್ಗು. ತಾನು ಹಾಕಿಸಿದ ಕಾಂಕ್ರೀಟು ಎಂಥದ್ದೆಂದರೆ ಗಾಳಿಯಲ್ಲಿ ಹೋಗುವ ಮಾತು ಕೂಡ ತೂರಲಾರದು ಎಂದು ಅಧಿಕಾರಿಯ ಮುಂದೆಯೇ ಹೇಳಿಕೊಂಡ.

ಪ್ರೇಮ್‌ಕುಮಾರ್ ತಾಳ್ಮೆಯಿಂದ, ಹೊಗೆಯೊಳಗೆ ಹೋದ ಹುಡುಗನಿಗೆ ದಾರಿ ತಪ್ಪಿದರೆ ಆ ಮಾತು ಹೊರಗೆ ನಿಂತ ತಮಗೆ ಕೇಳಲೇಬೇಕು, ಕೇಳದಿದ್ದರೆ ಅವನು ಅಲ್ಲೇ ಉಳಿದುಬಿಡುತ್ತಾನೆ ಎಂದು ವಿವರಿಸಿದರು. ಅದಕ್ಕೊಂದು ಯಂತ್ರವಿದೆ. ತಾರಸಿಯ ಮೇಲೆ ಒಂದು ಆಂಟೆನಾ, ಮ್ಯಾನೇಜರ್ ಕೋಣೆಯ ಗೋಡೆಗೆ ಒಂದು ಕೆಂಪು ಪೆಟ್ಟಿಗೆ, ಅಲ್ಲಿಂದ ನೆಲಮಾಳಿಗೆಯ ಚಾವಣಿಗೆ ಒಂದಷ್ಟು ತಂತಿ. ವಾಕಿಟಾಕಿಯಿಂದ ಹೊರಡುವ ಸಣ್ಣ ಸಿಗ್ನಲ್ಲನ್ನು ಅದು ದೊಡ್ಡದು ಮಾಡಿ ಆಚೆಗೆ ದಾಟಿಸುತ್ತದೆ, ಆಚೆಯದನ್ನು ಒಳಕ್ಕೆ ತರುತ್ತದೆ. ಕರೆಂಟು ಹೋದರೂ ಬ್ಯಾಟರಿಯಲ್ಲಿ ನಡೆಯುತ್ತದೆ. ಇಷ್ಟನ್ನೂ ಕೇಳಿ ಗಂಗಾಧರಸ್ವಾಮಿ ಮೂರು ಸಲ ತಲೆಯಾಡಿಸಿದ. ಅವನು ಒಂದು ಸಲ ತಲೆಯಾಡಿಸಿದರೆ ಅರ್ಧ ಅರ್ಥವಾಗಿದೆ ಎಂದು, ಮೂರು ಸಲ ಆಡಿಸಿದರೆ ಏನೂ ಅರ್ಥವಾಗಿಲ್ಲ ಎಂದು ಅವನನ್ನು ಬಲ್ಲ ನಮಗೆಲ್ಲ ಗೊತ್ತು. ಪಾಪ, ಅಧಿಕಾರಿಗೆ ಗೊತ್ತಿರಲಿಲ್ಲ.

ಮೈಸೂರಿನಿಂದ ಇಬ್ಬರು ಬಂದು ಪೆಟ್ಟಿಗೆ ಕೂರಿಸಿದರು. ಸಿದ್ಧಾರ್ಥ ಮತ್ತೆ ಕೆಳಗಿಳಿದು ಮಾತಾಡಿದ. ಈ ಸಲ ಅವನ ದನಿ ರಸ್ತೆಯಲ್ಲಿ ನಿಂತಿದ್ದ ಬೆಂಕಿ ಆರಿಸುವ ಲಾರಿಯ ಸ್ಪೀಕರಿನಲ್ಲಿ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು. ಪೆಟ್ಟಿಗೆಯಲ್ಲಿ ಹಸಿರು ದೀಪ ಉರಿಯಿತು. ಚಿನ್ನಮ್ಮ, ಅಂದರೆ ಗಂಗಾಧರಸ್ವಾಮಿಯ ಹೆಂಡತಿ, ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ ಹೂವು ಮುಡಿಸಿದಳು. ಒಪ್ಪಿಗೆಯೂ ಸಿಕ್ಕಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆದರೆ ಹೊಳೆಯಾಚೆಗಿನ ಇನ್ನೊಂದು ಮಂಟಪದಲ್ಲಿ ಏಸಿ ಇತ್ತು, ಲಿಫ್ಟಿತ್ತು. ಗಂಗಾಧರಸ್ವಾಮಿಯ ಹಾಲ್‌ನಲ್ಲಿ ಎರಡೂ ಇರಲಿಲ್ಲ. ತನ್ನಲ್ಲಿರುವುದೇನು ಎಂದು ಹುಡುಕಿದವನಿಗೆ ಗೋಡೆಯ ಮೇಲೆ ಕಂಡದ್ದು ಕೆಂಪು ಪೆಟ್ಟಿಗೆ. ನನ್ನ ಅಂಗಡಿಗೆ ಬಂದು ಕರಪತ್ರ ಅಚ್ಚು ಹಾಕಬೇಕೆಂದ. ‘ಪೊಲೀಸ್ ಹಾಗೂ ಅಗ್ನಿಶಾಮಕ ಇಲಾಖೆಗಳೊಂದಿಗೆ ನೇರ ವೈರ್‌ಲೆಸ್ ಸಂಪರ್ಕ ಹೊಂದಿರುವ ತಾಲ್ಲೂಕಿನ ಏಕೈಕ ಕನ್ವೆನ್ಷನ್ ಹಾಲ್’ ಎಂದು ಅದರಲ್ಲಿ ಇರಬೇಕಂತೆ. ಪೊಲೀಸರು ಇದರಲ್ಲಿ ಎಲ್ಲಿಂದ ಬಂದರು ಎಂದು ಕೇಳಿದೆ. “ಎಲ್ಲಾ ಕಾಕಿನೇ ಅಲ್ವೇನಪ್ಪ, ಒಳಗೊಳಗೇ ಒಂದೇ ಇರ್ತದೆ” ಎಂದ. ನಾನು ಅಚ್ಚು ಹಾಕಿದೆ. ಗಿರಾಕಿ ಹೇಳಿದ್ದನ್ನು ತಿದ್ದಲು ಹೊರಟರೆ ನನ್ನ ಅಂಗಡಿಯಿಂದ ಒಂದು ಲಗ್ನಪತ್ರಿಕೆಯೂ ಹೊರಗೆ ಹೋಗುವುದಿಲ್ಲ.

ಕರಪತ್ರ ಊರು ತುಂಬ ಹಂಚಿಹೋಯಿತು. ಗಂಗಾಧರಸ್ವಾಮಿ ಟೀ ಹೋಟೆಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, ತನ್ನ ಹಾಲ್‌ನ ಒಳಗೆ ಒಂದು ಮಾತು ಆಡಿದರೆ ಸಾಕು, ಇಲಾಖೆಗೆ ಗೊತ್ತಾಗಿಬಿಡುತ್ತದೆ ಎಂದು ವಿವರಿಸುತ್ತಿದ್ದ. ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅದನ್ನವನು ಮೆಚ್ಚುಗೆ ಎಂದುಕೊಂಡ.

ನನ್ನ ಅಂಗಡಿಯ ಪಕ್ಕದಲ್ಲಿ ಹಿಟ್ಟಿನ ಗಿರಣಿಯ ಮಹಾದೇವಸ್ವಾಮಿ ಇದ್ದಾನೆ. ಇಡೀ ದಿನ ಗಿರಣಿಯ ಸದ್ದಿನಲ್ಲಿ ಯಾರ ಮಾತೂ ಕೇಳಿಸದ ಕಾರಣ ಅವನಿಗೆ ಯೋಚನೆ ಮಾಡಲು ವಿಪರೀತ ಬಿಡುವು. ಅವನು ಕರಪತ್ರವನ್ನು ಎರಡು ಸಲ ಓದಿ, ಹಿಟ್ಟು ಕೊಡವಿಕೊಂಡು, ರಾಗಿ ಬೀಸಿಸಲು ಬಂದವರನ್ನೆಲ್ಲ ನಿಲ್ಲಿಸಿಕೊಂಡು ಒಂದು ಪ್ರಶ್ನೆ ಎತ್ತಿದ.

“ಫೈರ್‌ನೋನು ಒಳಗೆ ನಿಂತ್ಕಂಡು ಮಾತಾಡಿದ್ರೆ ಪೆಟ್ಟಿಗೆ ಅದನ್ನ ಸ್ಟೇಷನ್‌ಗೆ ತಗಂಡೋಯ್ತದೆ ಅಂತಾನೆ. ಸರಿ. ಮಾತಾಡ್ತಾ ಇರೋನು ಫೈರ್‌ನೋನೋ, ನೀನೋ ಅಂತ ಪೆಟ್ಟಿಗೆಗೆ ಎಂಗೊತ್ತಾಯ್ತದ್ಲಾ? ಅದಕ್ಕೇನು ಕಾಕಿ ಬಟ್ಟೆ ಕಾಣ್ತದಾ? ಮಾತು ಅಂದ್ಮೇಲೆ ಎಲ್ಲಾ ಮಾತೂ ಒಂದೇ. ಅವುಂದೂ ತಗಂಡೋಯ್ತದೆ, ನಿಂದೂ ತಗಂಡೋಯ್ತದೆ.”

ಈ ಪ್ರಶ್ನೆ ರಾಗಿ ಹಿಟ್ಟಿನ ಜೊತೆ ನಂಜನಗೂಡಿನ ಮನೆಮನೆಗೂ ಹೋಯಿತು. ವಾಕಿಟಾಕಿ ಇಲ್ಲದವನ ಮಾತನ್ನು ಆ ಪೆಟ್ಟಿಗೆ ಮೂಸಿಯೂ ನೋಡುವುದಿಲ್ಲ ಎಂಬುದು ಆಶಾರಾಣಿಗೆ ಗೊತ್ತಿತ್ತು, ಅವಳ ಕಾರ್ಖಾನೆಯಲ್ಲೂ ಅಂಥದ್ದೇ ಒಂದಿತ್ತು. ಅವಳು ಹೇಳಿದಳು ಕೂಡ. ಆದರೆ ಕಟ್ಟಡದ ಯಜಮಾನನೇ ಕೇಳುತ್ತದೆ ಎಂದು ಅಚ್ಚು ಹಾಕಿಸಿ ಹಂಚಿರುವಾಗ, ಮಗಳು ಕೇಳುವುದಿಲ್ಲ ಎಂದರೆ ಜನ ಅದಕ್ಕೆ ಬೇರೆಯೇ ಅರ್ಥ ಹಚ್ಚಿದರು. ಹಾಗೆ ಹೇಳಬೇಕೆಂದು ಪೊಲೀಸರೇ ಹೇಳಿಕೊಟ್ಟಿರುತ್ತಾರೆ ಎಂದರು.

ಆಮೇಲೆ ಶುರುವಾಯಿತು ನೋಡಿ. ಮದುವೆಯ ಹಾಲ್‌ನಲ್ಲಿ ಜನ ಆಡುವ ಮಾತುಗಳಲ್ಲಿ ಪೊಲೀಸರ ಕಿವಿಗೆ ಬೀಳಬಾರದ ಮಾತು ಎಷ್ಟಿರುತ್ತದೆ ಎಂದು ನಮ್ಮೂರಿನವರಿಗೆ ಅದುವರೆಗೆ ಅಂದಾಜೇ ಇರಲಿಲ್ಲ. ಸೀರೆ ಹಂಚಬೇಕೆಂದಿದ್ದ ಒಬ್ಬ ಮಾಜಿ ಕೌನ್ಸಿಲರು ತಮಗೆ ಇದ್ದಕ್ಕಿದ್ದಂತೆ ರಾಜಕೀಯದಲ್ಲಿ ಆಸಕ್ತಿ ಹೋಗಿದೆ ಎಂದು ಬುಕಿಂಗ್ ವಾಪಸ್ ತೆಗೆದುಕೊಂಡರು. ಮದುವೆಯ ಹಿಂದಿನ ದಿನ ಇಸ್ಪೀಟಿಗೆ ಕೂರುವ ಮಂಡಳಿಯವರು, ಆ ಹಾಲ್‌ನಲ್ಲಿ ನಡೆಯುವ ನೆಂಟರ ಮದುವೆಗಳಿಗೆ ತಾವು ಬರುವುದಿಲ್ಲ ಎಂದು ಒಕ್ಕೊರಲಿನಿಂದ ತಿಳಿಸಿದರು. ಒಂದು ಕುಟುಂಬ ಬಂದು ಹುಡುಗಿಗೆ ಹದಿನೆಂಟು ತುಂಬಲು ಸ್ವಲ್ಪ ಬಾಕಿ ಇದೆ ಎಂಬ ಮಾತನ್ನು ಅರ್ಧಕ್ಕೆ ನುಂಗಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿತು. ಆ ಹುಡುಗಿ ಈಗಲೂ ಶಾಲೆಗೆ ಹೋಗುತ್ತಾಳೆ, ದಿನಾ ನನ್ನ ಅಂಗಡಿ ಮುಂದೆಯೇ ಹಾದುಹೋಗುತ್ತಾಳೆ. ಇಲಾಖೆಗಳು ಮಾಡಲಾಗದ ಕೆಲಸವನ್ನು ಒಂದು ಕಿವುಡು ಪೆಟ್ಟಿಗೆ ಮಾಡಿತ್ತು.

ಧೈರ್ಯ ಮಾಡಿ ನಡೆದದ್ದು ಒಂದೇ ಸೀಮಂತ. ಹೆಂಗಸರೆಲ್ಲ ಸಾಲಾಗಿ ಕೂತು, ಬಾಯಿಗೆ ಸೆರಗು ಹಿಡಿದುಕೊಂಡು, ಹಾಡೂ ಇಲ್ಲದೆ ಹಾಸ್ಯವೂ ಇಲ್ಲದೆ ಬಳೆ ತೊಡಿಸಿದರು. ಊಟಕ್ಕೆ ಕೂತವರು ಸಾರು ಬೇಕೆನ್ನಲೂ ಬೆರಳು ತೋರಿಸಿದರು. ಅಡುಗೆ ಕಂಟ್ರಾಕ್ಟರು ತುಪ್ಪದ ಲೆಕ್ಕ ಹೇಳಲು ಪಾರ್ಟಿಯವರನ್ನು ರಸ್ತೆಯ ಆಚೆಗೆ, ಅಂದರೆ ನನ್ನ ಅಂಗಡಿಯ ಒಳಗೆ ಕರೆದುಕೊಂಡು ಬಂದ. ಗಂಗಾಧರಸ್ವಾಮಿ ಗಾಬರಿಯಾಗಿ ಪ್ರೇಮ್‌ಕುಮಾರ್ ಬಳಿಗೆ ಓಡಿ, ಪೆಟ್ಟಿಗೆಗೆ ಏನೂ ಕೇಳಿಸುವುದಿಲ್ಲ ಎಂದು ಊರಿನಲ್ಲಿ ಮೈಕ್ ಹಿಡಿದು ಸಾರಬೇಕೆಂದು ಬೇಡಿಕೊಂಡ. ನಾವು ಕೇಳಿಸಿಕೊಳ್ಳುತ್ತಿಲ್ಲ ಎಂದು ಸರ್ಕಾರವೇ ಮೈಕಿನಲ್ಲಿ ಹೇಳಿದರೆ ಇರುವ ಒಂದಿಬ್ಬರು ಗಿರಾಕಿಗಳೂ ಊರು ಬಿಡುತ್ತಾರೆ ಎಂದು ಅವರು ನಕ್ಕು ಕಳಿಸಿದರು.

ಈ ನಡುವೆ ಆಶಾರಾಣಿಯ ಮದುವೆ ಹತ್ತಿರ ಬಂತು. ಕರಪತ್ರದ ಸುದ್ದಿ ನರಸೀಪುರಕ್ಕೂ ಮುಟ್ಟಿತ್ತು. ಮಲ್ಲಯ್ಯನವರು ಫೋನು ಮಾಡಿ ಮದುವೆಯನ್ನು ಬೇರೆ ಕಡೆ ಇಟ್ಟುಕೊಳ್ಳೋಣ ಎಂದರು. ಕಾರಣ ಕೇಳಿದರೆ ವಾಸ್ತು ಎಂದರು. ತನ್ನ ಹಾಲ್‌ನಲ್ಲಿ ತನ್ನ ಮಗಳ ಮದುವೆಯೇ ಆಗದಿದ್ದರೆ ಇನ್ನು ಯಾರ ಮದುವೆ ಆಗುತ್ತದೆ ಎಂದು ಗಂಗಾಧರಸ್ವಾಮಿ ಅಳುವ ದನಿಯಲ್ಲಿ ಕೇಳಿದ ಮೇಲೆ ಒಪ್ಪಿದರು.

ಮುಹೂರ್ತದ ಹಿಂದಿನ ದಿನ ಮಧ್ಯಾಹ್ನ ಗಂಡಿನ ಕಡೆಯವರ ಬಸ್ಸುಗಳು ಬಂದವು. ಕಾಲು ತೊಳೆದುಕೊಂಡು, ಪಾನಕ ಕುಡಿದು, ಒಳಗೆ ಬಂದ ಮಲ್ಲಯ್ಯನವರು ತಲೆಯೆತ್ತಿ ಚಾವಣಿ ನೋಡಿದರು, ಗೋಡೆ ನೋಡಿದರು, ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ಹಸಿರು ದೀಪ ನೋಡಿದರು. ಅಲ್ಲಿಂದ ಮುಂದೆ ಅವರು ಮಾತು ಬಿಟ್ಟರು. ಗಂಗಾಧರಸ್ವಾಮಿಯನ್ನು ಒಂದು ಕಂಬದ ಮರೆಗೆ ಕರೆದೊಯ್ದು, ಎರಡೂ ಕೈಗಳನ್ನು ಎದೆಯ ಮುಂದೆ ಹಿಡಿದು ದುಂಡಗೆ ತಿರುಗಿಸಿ ತೋರಿಸಿದರು. ನಾನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ.

ಗಂಗಾಧರಸ್ವಾಮಿ ಆ ಕೈಗಳನ್ನು ಬಹಳ ಗಮನವಿಟ್ಟು ನೋಡಿ, “ಗೊತ್ತಾಯ್ತು ಬೀಗ್ರೇ, ಮನೇಲಿ ಗ್ರೈಂಡರ್ ಇಲ್ಲ ಅಂತ ತಾನೆ? ಟೇಬಲ್ ಟಾಪೇ ಕೊಡುಸ್ತೀನಿ, ಬುಡಿ” ಎಂದ.

ಮಲ್ಲಯ್ಯನವರ ಮುಖ ಕಪ್ಪಿಟ್ಟಿತು. ಅವರು ಮತ್ತೆ ಚಕ್ರ ತಿರುಗಿಸಿ, ಬಲಗಾಲಿನಿಂದ ನೆಲ ಒತ್ತಿ, ಎಡಗೈಯಿಂದ ಗೇರು ಹಾಕಿದರು. ಹೊಲಿಗೆ ಮಿಷನ್ನೂ ಇರಲಿ ಎಂದ ಗಂಗಾಧರಸ್ವಾಮಿ. ಕೊನೆಗೆ ಅರವತ್ತು ದಾಟಿದ ಆ ನಿವೃತ್ತ ಅಧಿಕಾರಿ ಅತ್ತ ಇತ್ತ ನೋಡಿ, ಬೀಗರ ಕಿವಿಗೆ ಬಾಯಿಟ್ಟು ಪೀಂ ಪೀಂ ಎಂದರು. ಆಗ ಗಂಗಾಧರಸ್ವಾಮಿಗೆ ಅರ್ಥವಾಯಿತು. ಅವನು ತಲೆಯಾಡಿಸಿದ್ದು ಒಂದೇ ಸಲ.

ಕಾರಿನ ವಿಷಯ ನಿಶ್ಚಿತಾರ್ಥದಲ್ಲಿ ಬಂದಿರಲಿಲ್ಲ. ಬರುವುದೂ ಇಲ್ಲ. ಇಂಥ ಮಾತು ಹೊರಡುವುದೇ ಚಪ್ಪರ ಹಾಕಿದ ಮೇಲೆ, ನೆಂಟರು ಬಂದಿಳಿದ ಮೇಲೆ, ಹುಡುಗಿಯ ಕೈಗೆ ಮೆಹಂದಿ ಹಚ್ಚಿದ ಮೇಲೆ. ಬೇಡ ಎನ್ನಲು ಹೆಣ್ಣಿನ ತಂದೆಗೆ ಬಾಯಿ ಬರದ ಹೊತ್ತನ್ನು ಗಂಡಿನ ಕಡೆಯವರು ಪುರೋಹಿತರಿಗಿಂತ ಚೆನ್ನಾಗಿ ಲೆಕ್ಕ ಹಾಕಿಟ್ಟಿರುತ್ತಾರೆ. ಮಲ್ಲಯ್ಯನವರ ತೊಂದರೆ ಏನೆಂದರೆ ಹೊತ್ತು ಸರಿಯಾಗಿತ್ತು, ಜಾಗ ಸರಿಯಿರಲಿಲ್ಲ. ರಸ್ತೆಗೆ ಹೋಗೋಣವೆಂದರೆ ಅಲ್ಲಿ ಬಸ್ಸಿನ ತುಂಬ ನೆಂಟರು. ಅದಕ್ಕೆ ಅವರು ಪೆಟ್ಟಿಗೆ ಆರಿಸಬೇಕೆಂದು ಸನ್ನೆಯಲ್ಲೇ ಹಟ ಹಿಡಿದರು.

ಪೆಟ್ಟಿಗೆಗೆ ಕಿವಿಯಿಲ್ಲ ಎಂದು ಗಂಗಾಧರಸ್ವಾಮಿಗೆ ಆ ಹೊತ್ತಿಗೆ ಮಗಳು ಹೇಳಿ ಹೇಳಿ ಅರ್ಧ ಅರ್ಥವಾಗಿತ್ತು. ಆದರೆ ತಾನೇ ಹೊಗಳಿದ್ದನ್ನು ಬೀಗರ ಮುಂದೆ ಸುಳ್ಳೆನ್ನುವುದು ಹೇಗೆ? ಹೆಂಡತಿಗೆ ಕಣ್ಣಿನಲ್ಲೇ ಹೇಳಿ ಕಾವಲು ನಿಲ್ಲಿಸಿ, ಕೋಣೆಗೆ ಹೋಗಿ ಪೆಟ್ಟಿಗೆಯ ಸ್ವಿಚ್ಚನ್ನೂ ಬ್ಯಾಟರಿಯ ಸ್ವಿಚ್ಚನ್ನೂ ಆರಿಸಿದ. ಹಸಿರು ದೀಪ ಹೋಯಿತು. ಅಷ್ಟಾದರೂ ಮಲ್ಲಯ್ಯನವರಿಗೆ ನೆಚ್ಚಿಕೆ ಇರಲಿಲ್ಲ. ಕಾಂಕ್ರೀಟು ಗಟ್ಟಿಯಿದೆ ಎನ್ನುವ ನೆಲಮಾಳಿಗೆಗೇ ಹೋಗೋಣ ಎಂದು ಸನ್ನೆ ಮಾಡಿದರು. ಬೀಗರಿಬ್ಬರೂ ಕೆಳಗಿಳಿದು, ಅಕ್ಕಿಮೂಟೆ, ಕುಂಬಳಕಾಯಿಗಳ ನಡುವೆ ಉಗ್ರಾಣದಲ್ಲಿ ಕೂತು ಒಳಗಿನಿಂದ ಚಿಲಕ ಹಾಕಿಕೊಂಡರು.

ಅದೇ ಹೊತ್ತಿಗೆ ಆಚೆಯ ಅಡುಗೆ ಮನೆಯಲ್ಲಿ ಬೋಂಡದ ಬಾಣಲೆ ಉಕ್ಕಿತು. ಉಕ್ಕಿದ ಎಣ್ಣೆಗೆ ಬೆಂಕಿ ಹತ್ತಿತು, ಬೆಂಕಿ ಪಕ್ಕದಲ್ಲಿ ಪೇರಿಸಿದ್ದ ಹಾಳೆ ತಟ್ಟೆಗಳಿಗೂ ಗೋಣಿಚೀಲಗಳಿಗೂ ತಗುಲಿ ದಟ್ಟ ಹೊಗೆ ಎದ್ದಿತು. ಅಡುಗೆಯವರು ಸೌಟು ಸಮೇತ ಮೇಲೆ ಓಡಿ ಬಂದರು. ನಾವೆಲ್ಲ ರಸ್ತೆಗೆ ಬಂದು ನಿಂತೆವು. ಯಾರೋ ಫೋನು ಮಾಡಿದರು, ಬೆಂಕಿ ಆರಿಸುವ ಲಾರಿ ಬೇಗನೆ ಬಂತು. ಎಲ್ಲರೂ ಹೊರಗಿದ್ದೇವೆಂದು ಎಲ್ಲರೂ ಹೇಳಿದರು. ಚಿನ್ನಮ್ಮ ಮಾತ್ರ ಗಂಡನ ಚಪ್ಪಲಿ ಮೆಟ್ಟಿಲ ಬಳಿಯೇ ಇದ್ದದ್ದನ್ನು ನೋಡಿ, ಇಬ್ಬರೂ ಬೀಗರು ಕೆಳಗಿದ್ದಾರೆ ಎಂದು ಎದೆ ಬಡಿದುಕೊಂಡಳು.

ಸಿದ್ಧಾರ್ಥ ಮುಖವಾಡ ಹಾಕಿಕೊಂಡು, ಭುಜಕ್ಕೆ ವಾಕಿಟಾಕಿ ಸಿಕ್ಕಿಸಿಕೊಂಡು ಹೊಗೆಯೊಳಗೆ ಇಳಿದ. ಪ್ರೇಮ್‌ಕುಮಾರ್ ಲಾರಿಯ ಪಕ್ಕ ನಿಂತು ಅವನನ್ನು ಕರೆದರು. ಉತ್ತರವಿಲ್ಲ. ಮತ್ತೆ ಕರೆದರು. ಸ್ಪೀಕರಿನಲ್ಲಿ ಬರೀ ಕರಕರ. ಯಾವಾಗಲೂ ನಗುನಗುತ್ತಿದ್ದ ಆ ಮನುಷ್ಯನ ಮುಖ ಬೇರೆಯೇ ಆಯಿತು. ಪೆಟ್ಟಿಗೆ ಆರಿಸಿದವರು ಯಾರು ಎಂದು ಗದರಿ ಕೇಳಿದರು. ಮೂರು ಜನ ಕೆಳಗೆ, ಅದರಲ್ಲಿ ಒಬ್ಬ ಉಳಿದಿಬ್ಬರಿಗಾಗಿ ಹೋದವನು, ಅವನ ಮಾತು ಹೊರಗೆ ಬರುವ ದಾರಿಯನ್ನು ಮದುವೆ ಮನೆಯವರೇ ಮುಚ್ಚಿದ್ದರು.

“ನಿಮ್ಮಪ್ಪನೇ ಕಣವ್ವ ಆಫ್ ಮಾಡವ್ರೆ” ಎಂದು ಚಿನ್ನಮ್ಮ ಮಗಳಿಗೆ ಹೇಳಿದಳು. ಆಶಾರಾಣಿ ರೇಷ್ಮೆ ಸೀರೆಯ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಒಳಗೆ ನುಗ್ಗಿ, ಮ್ಯಾನೇಜರ್ ಕೋಣೆಯಲ್ಲಿ ಎರಡು ಸ್ವಿಚ್ಚುಗಳನ್ನೂ ಹಾಕಿ ಓಡಿ ಬಂದಳು.

ಸ್ಪೀಕರು ಗಂಟಲು ಸರಿಮಾಡಿಕೊಂಡಿತು. ಸಿದ್ಧಾರ್ಥನ ದನಿ ಬಂತು. ಉಗ್ರಾಣದಲ್ಲಿ ಇಬ್ಬರು ಸಿಕ್ಕಿದ್ದಾರೆ, ಕೈಕಾಲು ಸರಿಯಿದೆ, ಹೊಗೆ ಹೆಚ್ಚುತ್ತಿದೆ, ಹಿಂದಿನ ಬಾಗಿಲು ತೆಗೆಸಿ ಎಂದ. ಜನ ಉಸಿರು ಬಿಟ್ಟರು. ಪ್ರೇಮ್‌ಕುಮಾರ್ ಹಿಂದಿನ ಬಾಗಿಲಿಗೆ ಆಳು ಓಡಿಸಿದರು. ಆದರೆ ಸಿದ್ಧಾರ್ಥನ ಮುಖವಾಡದ ಪಟ್ಟಿ ಜಾರಿ ಭುಜದ ಮೇಲಿನ ವಾಕಿಟಾಕಿಯ ಗುಂಡಿಯನ್ನು ಒತ್ತಿಕೊಂಡುಬಿಟ್ಟಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಅವನ ಸುತ್ತ ಆಡಿದ ಪ್ರತಿಯೊಂದು ಮಾತನ್ನೂ ಕೆಂಪು ಪೆಟ್ಟಿಗೆ ಶ್ರದ್ಧೆಯಿಂದ ದೊಡ್ಡದು ಮಾಡಿ ರಸ್ತೆಗೆ ಕಳಿಸಿತು.

ಮೊದಲು ಕೇಳಿದ್ದು ಮಲ್ಲಯ್ಯನವರ ದನಿ. ಪಾಪ, ಆ ಮನುಷ್ಯ ಬೆಂಕಿಯನ್ನು ನಂಬಿರಲಿಲ್ಲ.

“ಬೆಂಕಿ ಗಿಂಕಿ ಅಂತ ನಾಟ್ಕ ಕಟ್ಟಿ ಮಾತು ತಪ್ಪಿಸ್ಕಳಾದು ಬ್ಯಾಡ ಬೀಗ್ರೇ. ನಾನು ರೆವಿನ್ಯೂನಲ್ಲಿದ್ದೋನು, ಇಂಥವು ಬೇಕಾದಷ್ಟು ಕಂಡಿವ್ನಿ. ಕಾರು ಬತ್ತದೋ ಇಲ್ವೋ? ಇಲ್ಲ ಅಂದ್ರೆ ನಾಳಿಕ್ಕೆ ನನ್ ಮಗ ಹಸೆ ಮ್ಯಾಲೆ ಕೂರಲ್ಲ.”

ಸಿದ್ಧಾರ್ಥ, ಬಗ್ಗಿ ನಡೆಯಿರಿ, ಹೊಗೆ ಕುಡಿಯುತ್ತೀರಿ ಎಂದು ಗದರಿದ್ದು ಕೇಳಿಸಿತು. “ನೀ ಸುಮ್ಕಿರಪ್ಪ, ದೊಡ್ಡೋರ ಮಾತು ನಡೀತಾ ಅದೆ” ಎಂದರು ಮಲ್ಲಯ್ಯನವರು. ಆಮೇಲೆ ಕೆಮ್ಮು. ಕೆಮ್ಮಿನ ನಡುವೆ ಗಂಗಾಧರಸ್ವಾಮಿಯ ದನಿ.

“ಬತ್ತದೆ ಬೀಗ್ರೇ, ಕಾರು ಬತ್ತದೆ. ಮಗಳ ಹೆಸರಲ್ಲೇ ಸಾಲ ಎತ್ತುಸ್ತೀನಿ, ಬ್ಯಾಂಕ್ನೋರು ಅವಳ ಸಂಬಳದಲ್ಲೇ ಮುರ್ಕೊಳ್ಳಲಿ. ಈಗ್ಲೇ ಅವಳಿಗೆ ಏಳ್ಬ್ಯಾಡಿ, ಒಪ್ಪಲ್ಲ. ತಾಳಿ ಬಿದ್ಮ್ಯಾಲೆ ಎಲ್ಲೋಗ್ತಾಳೆ?”

ರಸ್ತೆಯಲ್ಲಿ ನರಸೀಪುರದ ಎರಡು ಬಸ್ಸಿನ ನೆಂಟರಿದ್ದರು. ದೇವನೂರಿನಿಂದ, ಕಳಲೆಯಿಂದ ಬಂದ ನಮ್ಮ ಕಡೆಯವರಿದ್ದರು. ಟ್ರಾಫಿಕ್ ತೆರವು ಮಾಡಲು ಬಂದ ಹೆಡ್ ಕಾನ್‌ಸ್ಟೇಬಲ್ ಇದ್ದರು. ಓಲಗದವರಿದ್ದರು. ಎಲ್ಲರ ಕಿವಿಯೂ ಸ್ಪೀಕರಿನ ಕಡೆಗೇ ಇತ್ತು. ಮಹಾದೇವಸ್ವಾಮಿ ಮಾತ್ರ ನನ್ನ ಕಿವಿಯಲ್ಲಿ, ತಾನು ಮೊದಲೇ ಹೇಳಿರಲಿಲ್ಲವೇ ಎಂದ. ಲೋಕದಲ್ಲಿ ಪೂರ್ತಿ ತಪ್ಪು ತಿಳಿದವನಿಗೆ ಅಂಥ ಪೂರ್ತಿ ಗೆಲುವು ಸಿಕ್ಕಿದ್ದನ್ನು ನಾನು ಇನ್ನೊಂದು ಕಡೆ ಕಂಡಿಲ್ಲ.

ಆಶಾರಾಣಿಯ ಮುಖ ನೋಡಲು ನನಗೆ ಆಗಲಿಲ್ಲ. ಬೀಗರ ಮಾತಿಗೆ ಅವಳು ಕದಲಿರಲಿಲ್ಲ. ಅಪ್ಪನ ಮಾತಿಗೆ ಲಾರಿಯ ಬಾಗಿಲು ಹಿಡಿದುಕೊಂಡಳು.

ಇಬ್ಬರೂ ಹಿಂದಿನ ಬಾಗಿಲಿನಿಂದ ಮಸಿ ಬಳಿದುಕೊಂಡು ಹೊರಬಂದರು. ಎದುರಿಗೆ ಊರೆಲ್ಲ ಮಾತಿಲ್ಲದೆ ನಿಂತಿದ್ದನ್ನು ಕಂಡು ಗಂಗಾಧರಸ್ವಾಮಿ ತನ್ನ ಮೇಲಿನ ಕಾಳಜಿ ಎಂದುಕೊಂಡು, ಏನೂ ಆಗಿಲ್ಲ, ಗಾಬರಿ ಬೇಡ ಎಂದು ಕೈ ಮುಗಿದ. ಮಲ್ಲಯ್ಯನವರು ಗತ್ತಿನಿಂದ ಶಲ್ಯ ಕೊಡವಿಕೊಂಡರು. ಹಿಂದೆಯೇ ಬಂದ ಸಿದ್ಧಾರ್ಥ ಭುಜದ ಪಟ್ಟಿ ಸರಿಮಾಡಿಕೊಂಡ ಮೇಲೆ ಸ್ಪೀಕರಿನಲ್ಲಿ ಪಟ್ಟೆಂದು ಸದ್ದಾಗಿ ನಿಂತಿತು. ಆ ಸದ್ದು ಎಲ್ಲಿಂದ ಬಂತೆಂದು ಇಬ್ಬರೂ ತಿರುಗಿ ನೋಡಿದರು. ಲಾರಿ ನೋಡಿದರು. ಜನರನ್ನು ನೋಡಿದರು. ಬೀಗರಿಬ್ಬರಿಗೂ ಒಂದೇ ಸಲ ಅರ್ಥವಾದ ವಿಷಯ ಇಡೀ ಸಂಬಂಧದಲ್ಲಿ ಅದೊಂದೇ.

ಆಶಾರಾಣಿ ಕಿರಣ್ ಬಳಿಗೆ ಹೋಗಿ, ನಿಮಗಿದು ಗೊತ್ತಿತ್ತಾ, ಈಗ ಏನು ಹೇಳುತ್ತೀರಿ ಎಂದು ಕೇಳಿದಳು. ಆ ಹುಡುಗ ಅವಳನ್ನು ನೋಡಿದ, ತಂದೆಯನ್ನು ನೋಡಿದ. ಅಪ್ಪನನ್ನು ಒಂದು ಮಾತು ಕೇಳಿ ಹೇಳುತ್ತೇನೆ ಎಂದ. ಅವಳಿಗೆ ಅಷ್ಟು ಸಾಕಾಯಿತು. ನಾಳೆ ಮದುವೆ ಇಲ್ಲ, ಎಲ್ಲರೂ ಊರಿಗೆ ಹೋಗಬಹುದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅದಕ್ಕೆ ಯಾವ ಯಂತ್ರವೂ ಬೇಕಾಗಲಿಲ್ಲ.

ಮಲ್ಲಯ್ಯನವರು ಅದು ತಮಾಷೆಗೆ ಆಡಿದ ಮಾತು ಎಂದರು. ಹೆಡ್ ಕಾನ್‌ಸ್ಟೇಬಲ್ ಹತ್ತಿರ ಬಂದು, ತಮಾಷೆಯನ್ನು ಇನ್ನೊಂದು ಸಲ ನಿಧಾನವಾಗಿ ಹೇಳಬಹುದೇ ಎಂದು ವಿನಯದಿಂದ ಕೇಳಿದರು. ಬೆಂಕಿ ಆರುವ ಹೊತ್ತಿಗೆ ಬಸ್ಸುಗಳು ಬಂದ ದಾರಿಯಲ್ಲೇ ತಿರುಗಿದವು. ಪ್ರೇಮ್‌ಕುಮಾರ್ ಗಂಗಾಧರಸ್ವಾಮಿಯನ್ನು ಹಿಡಿದು ನಿಲ್ಲಿಸಿ, ತಮ್ಮ ಹುಡುಗ ಒಳಗೆ ಸತ್ತಿದ್ದರೆ ಅವನ ತಾಯಿಗೆ ಏನು ಹೇಳುತ್ತಿದ್ದೆ ಎಂದು ಕೇಳಿದರು. ಕಾರಿನ ವಿಷಯ ತಮ್ಮ ಇಲಾಖೆಗೆ ಬರುವುದಿಲ್ಲವೆಂದೂ, ಆದರೆ ಯಂತ್ರ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆಯೆಂದೂ ಹೇಳಿ ಹೋದರು.

ಗಂಗಾಧರಸ್ವಾಮಿ ಮಗಳ ಮುಂದೆ ನಿಂತ. ಏನಾದರೂ ಬೈಯವ್ವ ಎಂದ. “ನೀ ಏಳಿದ್ದೆಲ್ಲಾ ಕೇಳ್ತು ಕಣಪ್ಪ. ಇನ್ನು ನಾನೇನು ಮಾತಾಡ್ಲಿ?” ಎಂದಳು. ಅದೇ ಕೊನೆ. ಅಲ್ಲಿಂದ ಅವಳು ಅಪ್ಪನ ಜೊತೆ ಮಾತು ನಿಲ್ಲಿಸಿದಳು.

ಹಾಲ್‌ನ ಸುದ್ದಿ ಮೈಸೂರಿನವರೆಗೂ ಹಬ್ಬಿತು. ಗಂಡಿನ ಕಡೆಯವರು ಆ ರಸ್ತೆಯಲ್ಲಿ ಹೋಗುವಾಗ ಕೂಡ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ಜನ ತಮಾಷೆ ಮಾಡಿದರು. ಆದರೆ ನಿಧಾನವಾಗಿ ಬೇರೆ ಬಗೆಯ ಗಿರಾಕಿಗಳು ಬರತೊಡಗಿದರು. ಹೆಣ್ಣುಮಕ್ಕಳು. ಮದುವೆ ಮಾತುಕತೆ ಎಲ್ಲಾದರೂ ಆಗಲಿ, ಕೊನೆಯ ಮಾತು ಆ ಹಾಲ್‌ನಲ್ಲೇ ಆಗಬೇಕು ಎಂದು ಅವರು ಮನೆಯಲ್ಲಿ ಹಟ ಹಿಡಿಯುತ್ತಿದ್ದರಂತೆ. ಅಲ್ಲಿಗೆ ಬರಲು ಒಪ್ಪದ ಗಂಡುಗಳು ಅಲ್ಲಿಗೇ ಬಿದ್ದುಹೋಗುತ್ತಿದ್ದರು. ಒಪ್ಪಿ ಬಂದವರ ಮದುವೆಗಳು ಚೆನ್ನಾಗಿಯೇ ನಡೆದವು. ಬಿದ್ದುಹೋದ ಸಂಬಂಧಗಳಿಂದಾಗಿ ನನ್ನ ಪತ್ರಿಕೆ ವ್ಯಾಪಾರ ಮೊದಲಿಗಿಂತ ಇಳಿದಿದೆ, ನಾನು ಗೊಣಗಿಕೊಳ್ಳುತ್ತೇನೆ, ಅದು ನನ್ನ ಹೊಟ್ಟೆಪಾಡಿನ ಮಾತು.

ಆಶಾರಾಣಿ ರಜೆಯ ದಿನಗಳಲ್ಲಿ ಬಂದು ಹಾಲ್‌ನ ಲೆಕ್ಕ ನೋಡುತ್ತಿದ್ದಳು. ಅಪ್ಪ ಮಗಳು ಒಂದೇ ಮೇಜಿನ ಎರಡು ಕಡೆ ಕೂತು, ಬೇಕಾದ್ದನ್ನು ಚಿನ್ನಮ್ಮನ ಮೂಲಕ ಹೇಳಿ ಕಳಿಸುತ್ತಿದ್ದರು. ಚಿನ್ನಮ್ಮ ಎರಡು ಕುರ್ಚಿಗಳ ನಡುವೆ ನಡೆದೂ ನಡೆದೂ ಸವೆದಿದ್ದಳು. ಒಂದು ಭಾನುವಾರ ನಾನು ಪತ್ರಿಕೆಯ ಕಟ್ಟು ಕೊಡಲು ಹೋಗಿದ್ದಾಗ ದೊಡ್ಡ ಜರಿ ಶಲ್ಯದ ಒಬ್ಬರು ಬಂದರು. ತಾವು ಗಂಡಿನ ತಂದೆ ಎಂದರು. ಗಂಗಾಧರಸ್ವಾಮಿಯ ಬಳಿ ಬಾಗಿ, ಹೆಣ್ಣಿನ ಕಡೆಯವರೊಂದಿಗೆ ಸಣ್ಣ ಮಾತುಕತೆ ಇದೆ, ಅರ್ಧ ಗಂಟೆ ಆ ಪೆಟ್ಟಿಗೆ ಆರಿಸಿದರೆ ಹಾಲ್‌ನ ಬಾಡಿಗೆ ಎಷ್ಟು ಹೇಳಿದರೂ ಸರಿ ಎಂದರು.

ಗಂಗಾಧರಸ್ವಾಮಿ ಹಸಿರು ದೀಪದ ಕಡೆ ನೋಡಿದ. ಅದಕ್ಕೆ ಯಾರ ಮಾತೂ ಕೇಳಿಸುವುದಿಲ್ಲ, ವಾಕಿಟಾಕಿ ಇಲ್ಲದಿದ್ದರೆ ಅದು ಬರೀ ತಗಡು ಎಂಬುದು ಅವನಿಗೆ ಈಗ ಪೂರ್ತಿ ಗೊತ್ತು. ಅದನ್ನು ಹೇಳಿದ್ದರೆ ಗಿರಾಕಿ ಉಳಿಯುತ್ತಿದ್ದ. ಹೇಳಲಿಲ್ಲ.

“ಅದು ಆರಲ್ಲ ಯಜಮಾನ್ರೇ. ಒಂದ್ಸಲ ಆರ್ಸಿ ನಾನು ಕೆಟ್ಟಿವ್ನಿ” ಎಂದ.

ಜರಿ ಶಲ್ಯದವರು ಸಿಡುಕಿಕೊಂಡು ಎದ್ದು ಹೋದರು. ಗಂಗಾಧರಸ್ವಾಮಿ ಎಂದಿನಂತೆ ಮೇಜಿನ ಮೇಲಿನ ಗಾಜು ಒರೆಸತೊಡಗಿದ. ಎದುರಿನ ಕುರ್ಚಿಯಲ್ಲಿ ಆಶಾರಾಣಿ ಲೆಕ್ಕದ ಪುಸ್ತಕ ಮುಚ್ಚಿಟ್ಟಳು.

“ಅಪ್ಪ, ಹೊತ್ತಾಯ್ತು, ಊಟಕ್ಕೆ ನಡಿ” ಎಂದಳು.

ಗಂಗಾಧರಸ್ವಾಮಿ ತಲೆಯಾಡಿಸಲು ಹೋದ. ಎಷ್ಟು ಸಲ ಆಡಿಸಿದನೋ ನಾನು ಎಣಿಸಲಿಲ್ಲ. ಅವನು ಅಳುತ್ತಿದ್ದ.